ಜೇಬಿನಲ್ಲಿದ್ದ ಜೀವಜಲ: ಜೇಮ್ಸ್ ಗ್ರಾಂಟ್ ಅವರ ಶಿಶುರಕ್ಷಣಾ ಯಾತ್ರೆಗಳು

ನಮ್ಮ ಪ್ರಾಚೀನರು ಆಯುರ್ವೇದವನ್ನು ಎಂಟು ಅಂಗಗಳಾಗಿ ವಿಂಗಡಿಸಿ, ಅವುಗಳಲ್ಲಿ ಒಂದನ್ನು ಮಕ್ಕಳಿಗಾಗಿಯೇ ಮೀಸಲಿರಿಸಿದರು. ಅದರ ಹೆಸರು ಕೌಮಾರಭೃತ್ಯ. ಈ ಶಬ್ದದ ಮೂಲದಲ್ಲಿರುವ ‘ಭೃ’ ಧಾತುವಿಗೆ ಹೊರು, ಪೊರೆ ಎಂಬ ಅರ್ಥಗಳಿವೆ. ಮಕ್ಕಳ ವೈದ್ಯಕ್ಕೆ ಚಿಕಿತ್ಸೆಯೆಂದು ಹೆಸರಿಡದೆ ಪೊರೆಯುವಿಕೆಯೆಂದು ಹೆಸರಿಟ್ಟ ಹಿರಿಯರ ವಿವೇಕವು ಚಿಂತನೀಯವಾದುದು. ಮಗುವಿನ ಆರೋಗ್ಯವು ವೈದ್ಯನ ಔಷಧಶಾಲೆಯಲ್ಲಿ ಆರಂಭವಾಗುವುದಿಲ್ಲ. ತಾಯಿಯ ಮಡಿಲಿನಲ್ಲಿ, ಮನೆಯ ಒಲೆಯ ಬಳಿಯಲ್ಲಿ, ಕುಡಿಯುವ ನೀರಿನ ಕೊಡದ ಬಳಿಯಲ್ಲಿ ಆರಂಭವಾಗುತ್ತದೆ ಎಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಅಡಗಿದೆ.

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ, ಅದೂ ಕನ್ನಡ ಪಂಡಿತನೊಬ್ಬನ ಲೇಖನಿಯಿಂದ, ಶಿಶುಗಳ ಆರೋಗ್ಯವನ್ನು ಕುರಿತ ಬರೆಹವೇಕೆ ಎಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ. ೧೯೭೬ರ ಬೇಸಗೆಯಲ್ಲಿ ನನ್ನ ತಂಗಿ, ಹದಿನಾಲ್ಕು ತಿಂಗಳ ಕೂಸು, ವಾಂತಿಭೇದಿಯಿಂದ ತೀರಿಕೊಂಡಳು. ನಾನಾಗ ಎಂಟು ವರ್ಷದ ಹುಡುಗ. ಭೇದಿಯಾಗುತ್ತಿರುವ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಯೆಂಬುದು ಅಂದಿನ ನಂಬಿಕೆ. ನಮ್ಮ ಅಜ್ಜಿ ಆ ನಂಬಿಕೆಯಂತೆ ನಡೆದಳು. ಅವಳಿಗಿಂತ ಹೆಚ್ಚಾಗಿ ಆ ಕೂಸನ್ನು ಪ್ರೀತಿಸಿದವರು ಮನೆಯಲ್ಲಿ ಇರಲಿಲ್ಲ. ಅವ್ವ ಒದ್ದೆಬಟ್ಟೆಯನ್ನು ಕೂಸಿನ ತುಟಿಗೆ ಒತ್ತುತ್ತಿದ್ದಳು. ಕೂಸು ಆ ಬಟ್ಟೆಯನ್ನೇ ಚೀಪುತ್ತಿದ್ದುದು ನನಗೆ ಇಂದಿಗೂ ನೆನಪಿದೆ. ನೆತ್ತಿ ಕುಳಿಬಿದ್ದಿತು, ಕಣ್ಣುಗಳು ಒಳಸರಿದವು, ಎರಡನೆಯ ದಿನದ ಸಂಜೆಗೆ ಎಲ್ಲವೂ ಮುಗಿಯಿತು. ಅದೇ ಮನೆಯ ಅಡುಗೆಯ ಕೋಣೆಯಲ್ಲಿ ಉಪ್ಪಿತ್ತು, ಬೆಲ್ಲವಿತ್ತು, ಹರವಿಯ ತುಂಬ ನೀರಿತ್ತು.

ಆ ಮೂರು ವಸ್ತುಗಳು ತಕ್ಕ ಪ್ರಮಾಣದಲ್ಲಿ ಸೇರಿದರೆ ಪ್ರಾಣ ಉಳಿಯಬಲ್ಲದೆಂಬ ಸಂಗತಿ ಆ ವೇಳೆಗೆ ಜಗತ್ತಿಗೆ ತಿಳಿದಿತ್ತು. ನಮ್ಮ ಮನೆಗೆ ತಿಳಿದಿರಲಿಲ್ಲ. ಜಗತ್ತು ಅರಿತುದಕ್ಕೂ ಮನೆಯು ಅರಿಯುವುದಕ್ಕೂ ನಡುವೆ ಇರುವ ಈ ಅಂತರವನ್ನು ತುಂಬುವುದಕ್ಕಾಗಿ ಹದಿನೈದು ವರ್ಷಗಳ ಕಾಲ ದೇಶದೇಶಗಳನ್ನು ಸುತ್ತಿದ ಒಬ್ಬ ಸೇವಕನ ಯಾತ್ರೆಗಳನ್ನೂ, ಅವುಗಳ ಹಿಂದಿದ್ದ ವಿಚಾರವನ್ನೂ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ. ತಿಳಿದುದನ್ನು ತಲುಪಿಸುವುದೇ ನಮ್ಮ ವೃತ್ತಿಯೂ ಆಗಿರುವುದರಿಂದ ಶಿಕ್ಷಕ ಬಂಧುಗಳಿಗೆ ಈ ವಿಷಯ ಪರಕೀಯವಾಗಲಾರದು.

ಯಾತ್ರಿಕನ ಪೂರ್ವವೃತ್ತಾಂತ

ಜೇಮ್ಸ್ ಗ್ರಾಂಟ್ ಅವರು ೧೯೨೨ರಲ್ಲಿ ಚೀನದ ಪೀಕಿಂಗ್ ನಗರದಲ್ಲಿ ಜನಿಸಿದರು. ಅವರ ಅಜ್ಜ ಚೀನದಲ್ಲಿ ವೈದ್ಯರಾಗಿ ಸೇವೆ ಸಲ್ಲಿಸಿದವರು. ತಂದೆ ಜಾನ್ ಗ್ರಾಂಟ್ ಅವರು ಪೀಕಿಂಗ್ ವೈದ್ಯಕೀಯ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಬೋಧಿಸಿ, ೧೯೩೯ರಿಂದ ೧೯೪೫ರವರೆಗೆ ಕಲಕತ್ತೆಯ ಅಖಿಲ ಭಾರತ ಆರೋಗ್ಯ ಮತ್ತು ಸಾರ್ವಜನಿಕ ಸ್ವಾಸ್ಥ್ಯ ಸಂಸ್ಥೆಯ ನಿರ್ದೇಶಕರಾಗಿದ್ದರು. ಮಗನು ವೈದ್ಯನಾಗಲಿಲ್ಲ, ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿದರು. ಅಮೆರಿಕದ ಅಭಿವೃದ್ಧಿ ನೆರವಿನ ಕಾರ್ಯದಲ್ಲಿ ನಿಯುಕ್ತರಾಗಿ ದೆಹಲಿ, ಸಿಂಹಳ, ತುರ್ಕಿ ದೇಶಗಳಲ್ಲಿ ದುಡಿದರು. ೧೯೮೦ರ ಜನವರಿಯಲ್ಲಿ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನ ಮುಖ್ಯಾಧಿಕಾರಿಯಾಗಿ, ೧೯೯೫ರ ಜನವರಿಯವರೆಗೆ, ಎಂದರೆ ಬಹುಮಟ್ಟಿಗೆ ಮರಣಶಯ್ಯೆಯವರೆಗೆ, ಆ ಸ್ಥಾನದಲ್ಲಿದ್ದರು.

ಅವರು ಅಧಿಕಾರ ವಹಿಸಿಕೊಂಡ ಕಾಲದಲ್ಲಿ ಜಗತ್ತಿನಲ್ಲಿ ದಿನವೊಂದಕ್ಕೆ ಸುಮಾರು ೪೦,೦೦೦ ಎಳೆಯ ಮಕ್ಕಳು ಸಾಯುತ್ತಿದ್ದರು. ಭೂಕಂಪವಾದರೆ, ಯುದ್ಧವಾದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಸಾವಿರಾರು ಹಳ್ಳಿಗಳ ಸಾವಿರಾರು ಗುಡಿಸಲುಗಳಲ್ಲಿ ಒಂದೊಂದಾಗಿ ಆರುವ ಪ್ರಾಣದೀಪಗಳಿಗೆ ಸುದ್ದಿಯೆಲ್ಲಿ? ಗ್ರಾಂಟ್ ಅವರು ಇದನ್ನು ಸದ್ದಿಲ್ಲದ ವಿಪತ್ತು ಎಂದು ಕರೆದರು. ಈ ಸಾವುಗಳಲ್ಲಿ ಬಹುಪಾಲು ಔಷಧವಿಲ್ಲದ ರೋಗಗಳಿಂದ ಆದವುಗಳಲ್ಲ. ಅತಿಸಾರ, ದಡಾರ, ನಾಯಿಕೆಮ್ಮು, ಧನುರ್ವಾಯು ಮೊದಲಾದ, ನಿವಾರಣೋಪಾಯ ತಿಳಿದಿದ್ದ ರೋಗಗಳಿಂದ ಆದವು. ಹೊಸದನ್ನು ಕಂಡುಹಿಡಿಯುವುದಕ್ಕಿಂತ ಕಂಡುಹಿಡಿದುದನ್ನು ಮನೆಗೆ ಮುಟ್ಟಿಸುವುದೇ ಮೊದಲ ಕರ್ತವ್ಯವೆಂದು ಅವರು ನಿಶ್ಚಯಿಸಿದರು.

ಈ ನಿಶ್ಚಯದ ಕುರುಹಾಗಿ ಅವರ ಜೇಬಿನಲ್ಲಿ ಸದಾ ಒಂದು ಸಣ್ಣ ಪೊಟ್ಟಣವಿರುತ್ತಿತ್ತು. ರಾಷ್ಟ್ರಾಧ್ಯಕ್ಷರ ಅರಮನೆಯಲ್ಲಾಗಲಿ, ಮಂತ್ರಿಗಳ ಭೋಜನಕೂಟದಲ್ಲಾಗಲಿ ಅದನ್ನು ಹೊರತೆಗೆದು, ಇದೇನೆಂದು ಬಲ್ಲಿರಾ ಎಂದು ಕೇಳುತ್ತಿದ್ದರು. ಒಂದು ಬಟ್ಟಲು ಚಹಾದಷ್ಟೂ ಬೆಲೆಯಿಲ್ಲದ ಈ ಪುಡಿಯು ತಮ್ಮ ದೇಶದ ಎಷ್ಟು ಮಕ್ಕಳಿಗೆ ದೊರೆಯುತ್ತಿದೆ, ಎಷ್ಟು ಮಕ್ಕಳಿಗೆ ಲಸಿಕೆಯಾಗಿದೆ ಎಂದು ವಿಚಾರಿಸುತ್ತಿದ್ದರು. ಸೈನ್ಯದ ಸಂಖ್ಯೆಯನ್ನೂ ಬೊಕ್ಕಸದ ಲೆಕ್ಕವನ್ನೂ ಬಾಯಿಪಾಠವಾಗಿ ಬಲ್ಲ ಎಷ್ಟೋ ಮಂದಿ ಧುರೀಣರಿಗೆ ಈ ಪ್ರಶ್ನೆಗೆ ಉತ್ತರ ಹೊಳೆಯುತ್ತಿರಲಿಲ್ಲ. ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಯೇ ವಿದ್ಯಾರ್ಥಿಯು ಏನನ್ನು ಓದಬೇಕೆಂಬುದನ್ನು ನಿರ್ಧರಿಸುತ್ತದೆಯೆಂಬ ಸತ್ಯವನ್ನು ನಾವು ಶಿಕ್ಷಕರು ಬಲ್ಲೆವು. ಗ್ರಾಂಟ್ ಅವರು ಅರಸುಗಳಿಗೇ ಈ ಬಗೆಯ ಪರೀಕ್ಷೆಯನ್ನು ಒಡ್ಡಿದರು.

ಪೊಟ್ಟಣದೊಳಗಿನ ಶಾಸ್ತ್ರ

ಆ ಪೊಟ್ಟಣದಲ್ಲಿದ್ದುದು ಓ.ಆರ್.ಎಸ್. ಎಂದು ಇಂದು ಔಷಧದ ಅಂಗಡಿಗಳಲ್ಲಿ ದೊರೆಯುವ, ನೀರಿನಲ್ಲಿ ಕರಗಿಸಿ ಕುಡಿಸುವ ಪುಡಿ. ಕನ್ನಡದಲ್ಲಿ ಜೀವಜಲವೆಂದು ಕರೆಯಬಹುದಾದುದು. ಅದರ ಪ್ರಧಾನ ದ್ರವ್ಯಗಳು ಗ್ಲೂಕೋಸು ಮತ್ತು ಉಪ್ಪು. ಇದರ ಹಿಂದಿರುವ ತತ್ತ್ವ ಸರಳವಾದರೂ ಮನೋಹರವಾದುದು. ವಾಂತಿಭೇದಿಯಲ್ಲಿ ಮಗುವನ್ನು ಕೊಲ್ಲುವುದು ಬಹುಪಾಲು ರೋಗಾಣುವಲ್ಲ, ದೇಹದಿಂದ ಹರಿದುಹೋಗುವ ನೀರು ಮತ್ತು ಲವಣಗಳ ನಷ್ಟ. ಬರಿಯ ನೀರನ್ನಾಗಲಿ ಬರಿಯ ಉಪ್ಪುನೀರನ್ನಾಗಲಿ ಕುಡಿಸಿದರೆ ಆ ಸ್ಥಿತಿಯಲ್ಲಿ ಕರುಳು ಅದನ್ನು ಸಾಕಷ್ಟು ಹೀರಿಕೊಳ್ಳಲಾರದು. ಆದರೆ ಉಪ್ಪಿನೊಡನೆ ಗ್ಲೂಕೋಸು ಸೇರಿದರೆ, ಕರುಳಿನ ಗೋಡೆಯಲ್ಲಿ ಇವೆರಡನ್ನೂ ಜೊತೆಯಾಗಿಯೇ ಒಳಗೆ ಒಯ್ಯುವ ಒಂದು ದ್ವಾರವು ತೆರೆಯುತ್ತದೆ. ಉಪ್ಪಿನ ಬೆನ್ನಹಿಂದೆ ನೀರೂ ಒಳಗೆ ಹೋಗುತ್ತದೆ. ಪ್ರಕೃತಿಯು ಪ್ರತ್ಯಯದ ಸಹಾಯವಿಲ್ಲದೆ ವಾಕ್ಯದಲ್ಲಿ ಪ್ರವೇಶ ಪಡೆಯಲಾರದೆಂದು ವ್ಯಾಕರಣದಲ್ಲಿ ಹೇಳುವಂತೆಯೇ ಇಲ್ಲಿಯೂ ಒಂದು ಇನ್ನೊಂದರ ಸಹಾಯವನ್ನು ಬಯಸುತ್ತದೆ. ಕಾಲರಾದಂತಹ ಘೋರವ್ಯಾಧಿಯಲ್ಲಿಯೂ ಈ ದ್ವಾರವು ಮುಚ್ಚುವುದಿಲ್ಲವೆಂಬುದೇ ಇಲ್ಲಿನ ಭಾಗ್ಯ.

ಈ ತತ್ತ್ವವನ್ನು ರೋಗಿಗಳಲ್ಲಿ ಪ್ರಯೋಗಿಸಿ ಸ್ಥಿರಪಡಿಸಿದುದು ನಮ್ಮ ನೆರೆಯ ಢಾಕಾ ನಗರದ ಕಾಲರಾ ಸಂಶೋಧನಾಲಯದಲ್ಲಿ, ೧೯೬೮ರಲ್ಲಿ. ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ತರುಣ ವೈದ್ಯರು ಅದನ್ನು ಮುಂದೆ ನಿಂತು ನಡೆಸಿದರು. ಆದರೆ ಆಸ್ಪತ್ರೆಯ ಹೊರಗೆ, ವೈದ್ಯರ ಕೈ ಸಾಲದ ಕಡೆಯಲ್ಲಿ ಇದು ನಡೆದೀತೆ ಎಂಬ ಸಂಶಯ ಉಳಿದೇ ಇತ್ತು. ಆ ಸಂಶಯವನ್ನು ಪರಿಹರಿಸಿದವರು ಭಾರತೀಯ ವೈದ್ಯ ದಿಲೀಪ್ ಮಹಲನಬೀಸ್. ೧೯೭೧ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾವಧಿ ನಿರಾಶ್ರಿತರು ಗಡಿ ದಾಟಿ ಬಂದಾಗ, ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಯೇ ಮಲಗಿದ್ದರು. ನರಕ್ಕೆ ಏರಿಸುವ ಲವಣದ್ರವದ ಸಂಗ್ರಹ ಮುಗಿಯುತ್ತ ಬಂದಿತ್ತು. ಮಹಲನಬೀಸರು ಕಲಕತ್ತೆಯಲ್ಲಿ ಉಪ್ಪು, ಸೋಡಾ, ಗ್ಲೂಕೋಸುಗಳ ಪೊಟ್ಟಣಗಳನ್ನು ಸಿದ್ಧಪಡಿಸಿ ತರಿಸಿ, ಪೀಪಾಯಿಗಳಲ್ಲಿ ಕಲಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಲೋಟ ಲೋಟವಾಗಿ ಕುಡಿಸಿದರು. ನೂರಕ್ಕೆ ಮೂವತ್ತರ ಸಮೀಪದಲ್ಲಿದ್ದ ಸಾವಿನ ಪ್ರಮಾಣವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ೨೦೨೨ರಲ್ಲಿ ಅವರು ನಿಧನರಾದ ಮೇಲೆ, ೨೦೨೩ರಲ್ಲಿ ಭಾರತ ಸರ್ಕಾರವು ಪದ್ಮವಿಭೂಷಣವನ್ನಿತ್ತು ಆ ಋಣವನ್ನು ಸ್ಮರಿಸಿತು.

ಇಲ್ಲಿ ಲಕ್ಷಿಸಬೇಕಾದ ಅಂಶವೆಂದರೆ, ಲೋಟವನ್ನು ಹಿಡಿದ ಕೈ ವೈದ್ಯನದಲ್ಲ, ತಾಯಿಯದು, ಅಣ್ಣನದು, ನೆರೆಯವಳದು. ಶಾಸ್ತ್ರವು ಅವರ ಕೈಗೆ ಬಂದ ದಿನ ಸಾವು ಹಿಂಜರಿಯಿತು.

ಮನೆಮನೆಯ ಪಾಠಶಾಲೆ

ನಿರಾಶ್ರಿತರ ಶಿಬಿರದಲ್ಲಿ ಸಾಧ್ಯವಾದುದು ಒಂದು ಇಡೀ ದೇಶದಲ್ಲಿ ಸಾಧ್ಯವೆ? ಸ್ವತಂತ್ರ ಬಾಂಗ್ಲಾದೇಶದಲ್ಲಿ ೧೯೭೨ರಲ್ಲಿ ಫಜ್ಲೆ ಹಸನ್ ಆಬೆದ್ ಅವರು ಸ್ಥಾಪಿಸಿದ ಬ್ರ್ಯಾಕ್ ಎಂಬ ಸೇವಾಸಂಸ್ಥೆಯು ಇದಕ್ಕೆ ನೀಡಿದ ಉತ್ತರವು ಶಿಕ್ಷಣದ ಇತಿಹಾಸದಲ್ಲಿಯೂ ಸ್ಥಾನ ಪಡೆಯತಕ್ಕದ್ದು. ಗ್ರಾಂಟ್ ಅವರು ದೇಶದೇಶಗಳ ಮುಂದೆ ಮಂಡಿಸಿದ ವಿಚಾರವು ಕೆಲಸಕ್ಕೆ ಬರುತ್ತದೆಯೇ ಎಂಬುದನ್ನು ನೋಡಬೇಕಾದರೆ ಈ ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಕಾರ್ಖಾನೆಯ ಪೊಟ್ಟಣವು ಆ ದೇಶದ ಹಳ್ಳಿಹಳ್ಳಿಗೆ ತಲುಪುವಂತಿರಲಿಲ್ಲ. ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಇರುವ ಉಪ್ಪು, ಬೆಲ್ಲ, ನೀರುಗಳಿಂದಲೇ ಜೀವಜಲವನ್ನು ಮಾಡುವುದನ್ನು ಕಲಿಸುವುದೆಂದು ನಿರ್ಧರಿಸಿದರು. ತೂಕದ ಬಟ್ಟುಗಳಿಲ್ಲದ ಮನೆಗಳಿಗೆ ಬೆರಳುಗಳೇ ಅಳತೆಯಾದವು: ಮೂರು ಬೆರಳುಗಳ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯವಾದುದರಿಂದ ಚಿಟಿಕೆಯು ಬೆರಳಿನ ಮೊದಲ ಗೆರೆಯನ್ನು ಮೀರಬಾರದೆಂದು ತೋರಿಸಿಕೊಡುತ್ತಿದ್ದರು. ೧೯೭೯ರಲ್ಲಿ ಸಿಲ್ಹೆಟ್ ಪ್ರಾಂತದ ಸುಲ್ಲಾ ಎಂಬಲ್ಲಿ ಪ್ರಯೋಗವಾಗಿ ಆರಂಭವಾದ ಈ ಕಾರ್ಯವು ೧೯೮೦ರಿಂದ ೧೯೯೦ರವರೆಗೆ ಹತ್ತು ವರ್ಷ ನಡೆದು, ಸುಮಾರು ೧ ಕೋಟಿ ೨೦ ಲಕ್ಷ ಮನೆಗಳನ್ನು ಮುಟ್ಟಿತು. ಅಲ್ಪಸ್ವಲ್ಪ ಓದುಬರಹ ಬಲ್ಲ ಗ್ರಾಮೀಣ ಸ್ತ್ರೀಯರೇ ಉಪಾಧ್ಯಾಯಿನಿಯರು. ಗುಂಪು ಕೂಡಿಸಿ ಭಾಷಣ ಮಾಡುವ ಪದ್ಧತಿ ಅಲ್ಲಿರಲಿಲ್ಲ. ಮನೆಯ ಅಂಗಳದಲ್ಲಿ ಕುಳಿತು, ನೆನಪಿನಲ್ಲಿಡಬೇಕಾದ ಹತ್ತು ಮಾತುಗಳನ್ನು ಹೇಳಿ, ತಾಯಿಯ ಕೈಯಿಂದಲೇ ಜೀವಜಲವನ್ನು ಮಾಡಿಸಿ ನೋಡಿ ಮುಂದಿನ ಮನೆಗೆ ಹೋಗುತ್ತಿದ್ದರು.

ಈ ಉಪಾಧ್ಯಾಯಿನಿಯರಿಗೆ ವೇತನ ಸಲ್ಲುತ್ತಿದ್ದ ಕ್ರಮವು ಅತ್ಯಂತ ವಿಶಿಷ್ಟವಾದುದು. ಎಷ್ಟು ಮನೆಗಳಲ್ಲಿ ಪಾಠ ಹೇಳಿದರೆಂಬ ಲೆಕ್ಕದ ಮೇಲೆ ಅವರಿಗೆ ಹಣ ಕೊಡುತ್ತಿರಲಿಲ್ಲ. ಕೆಲವು ವಾರಗಳು ಕಳೆದ ಮೇಲೆ ಬೇರೊಬ್ಬ ಪರೀಕ್ಷಕನು ಬಂದು, ಆ ಮನೆಗಳಲ್ಲಿ ಕೆಲವನ್ನು ಆರಿಸಿಕೊಂಡು, ತಾಯಂದಿರನ್ನು ಪ್ರಶ್ನಿಸಿ, ಜೀವಜಲವನ್ನು ಮಾಡಿಸಿ ನೋಡುತ್ತಿದ್ದನು. ಹೇಳಿಕೊಟ್ಟ ಮಾತುಗಳಲ್ಲಿ ತಾಯಿಗೆ ಎಷ್ಟು ನೆನಪಿವೆಯೋ, ಅವಳು ಮಾಡಿದ ದ್ರವವು ಎಷ್ಟು ಸರಿಯಾಗಿದೆಯೋ ಅದಕ್ಕೆ ತಕ್ಕಂತೆ ಹೇಳಿಕೊಟ್ಟವಳಿಗೆ ಸಂಭಾವನೆ. ವಿದ್ಯಾರ್ಥಿಯು ತಪ್ಪಿದರೆ ನಷ್ಟ ಗುರುವಿಗೆ. ನಮ್ಮ ಶಾಲಾ ಕಾಲೇಜುಗಳಲ್ಲಿ ಈ ನಿಯಮವು ಜಾರಿಗೆ ಬಂದರೆ ನಮ್ಮಲ್ಲಿ ಎಷ್ಟು ಮಂದಿಗೆ ಪೂರ್ಣ ವೇತನ ದೊರೆತೀತೆಂಬುದನ್ನು, ನನ್ನನ್ನೂ ಸೇರಿಸಿಕೊಂಡೇ, ಯೋಚಿಸಬೇಕಾಗಿದೆ.

ಆದರೂ ಆರಂಭದಲ್ಲಿ ಒಂದು ಆಶಾಭಂಗವಾಯಿತು. ತಾಯಂದಿರು ಪಾಠವನ್ನು ಚೆನ್ನಾಗಿಯೇ ಒಪ್ಪಿಸುತ್ತಿದ್ದರು. ಮಗುವಿಗೆ ಭೇದಿಯಾದಾಗ ಮಾತ್ರ ಅದನ್ನು ಬಳಸುತ್ತಿದ್ದವರು ಕೆಲವರೇ. ಕಾರಣವನ್ನು ಶೋಧಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದು, ಪಾಠ ಹೇಳುತ್ತಿದ್ದವರಿಗೇ ಆ ಔಷಧದಲ್ಲಿ ಪೂರ್ಣ ವಿಶ್ವಾಸವಿರಲಿಲ್ಲ. ತಮಗೆ ಭೇದಿಯಾದರೆ ಅವರಲ್ಲಿ ಕೆಲವರು ಗುಳಿಗೆಗಳನ್ನು ನುಂಗುತ್ತಿದ್ದರು. ಎರಡನೆಯದು, ಮನೆಯ ಗಂಡಸರಿಗೆ ಈ ವಿಷಯವನ್ನು ಯಾರೂ ಹೇಳಿರಲಿಲ್ಲ. ಅವರ ಒಪ್ಪಿಗೆಯಿಲ್ಲದೆ ಹೊಸ ಔಷಧವನ್ನು ಬಳಸಲು ಹೆಂಗಸರು ಅಂಜುತ್ತಿದ್ದರು. ಸಂಸ್ಥೆಯವರು ಉಪಾಧ್ಯಾಯಿನಿಯರನ್ನು ಕರೆಸಿ, ಜೀವಜಲವು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಯೆಂಬುದನ್ನು ಬಿಡಿಸಿ ತಿಳಿಸಿದರು. ಸಂತೆಗಳಲ್ಲಿ, ಮಸೀದಿಗಳಲ್ಲಿ, ಶಾಲೆಗಳಲ್ಲಿ ಗಂಡಸರ ಸಭೆಗಳನ್ನು ಕರೆದರು. ಅನಂತರವೇ ಜೀವಜಲವು ಮನೆಯ ಮಾತಾಯಿತು. ಇಂದು ಅತಿಸಾರಕ್ಕೆ ಜೀವಜಲವನ್ನು ಅತ್ಯಧಿಕವಾಗಿ ಬಳಸುವ ದೇಶಗಳ ಸಾಲಿನಲ್ಲಿ ಬಾಂಗ್ಲಾದೇಶವು ಮುಂಚೂಣಿಯಲ್ಲಿದೆ. ತಾನು ನಂಬದುದನ್ನು ಕಲಿಸಿದರೆ ಅದು ವಿದ್ಯಾರ್ಥಿಯ ನಾಲಿಗೆಯಲ್ಲಿ ನಿಲ್ಲುತ್ತದೆಯೇ ಹೊರತು ಕೈಗೆ ಇಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ.

ನಾಲ್ಕು ಉಪಾಯಗಳು

೧೯೮೨ರ ಡಿಸೆಂಬರಿನಲ್ಲಿ ಗ್ರಾಂಟ್ ಅವರು ಜಗತ್ತಿನ ಮಕ್ಕಳ ಸ್ಥಿತಿಗತಿಯನ್ನು ಕುರಿತ ವಾರ್ಷಿಕ ವರದಿಯಲ್ಲಿ ನಾಲ್ಕು ಉಪಾಯಗಳನ್ನು ಮುಂದಿಟ್ಟರು. ಮೊದಲನೆಯದು, ಮಗುವಿನ ತೂಕವನ್ನು ಆಗಾಗ ನೋಡಿ ಪಟದಲ್ಲಿ ಗುರುತಿಸಿ, ಸೊರಗುತ್ತಿರುವುದನ್ನು ಕಣ್ಣಿಗೆ ಕಾಣುವ ಮೊದಲೇ ತಿಳಿಯುವುದು. ಎರಡನೆಯದು ಜೀವಜಲ. ಮೂರನೆಯದು ತಾಯಿಯ ಎದೆಹಾಲು. ನಾಲ್ಕನೆಯದು ಲಸಿಕೆ. ಮುಂದೆ ಇವುಗಳಿಗೆ ಸ್ತ್ರೀಶಿಕ್ಷಣ, ಹೆರಿಗೆಗಳ ನಡುವಣ ಅಂತರ, ಪೂರಕ ಆಹಾರ ಎಂಬ ಮೂರನ್ನು ಸೇರಿಸಲಾಯಿತು. ಎದೆಹಾಲಿಗೆ ಪ್ರತಿಯಾಗಿ ಡಬ್ಬಿಯ ಹಾಲಿನ ಪುಡಿಯನ್ನು ಮಾರುವವರ ಪ್ರಚಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸಂಹಿತೆಯನ್ನು ೧೯೮೧ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆಯು ೧೧೮ ಮತಗಳಿಂದ ಅಂಗೀಕರಿಸಿದಾಗ, ವಿರುದ್ಧವಾಗಿ ಬಿದ್ದ ಒಂದೇ ಮತ ಗ್ರಾಂಟ್ ಅವರ ಸ್ವದೇಶವಾದ ಅಮೆರಿಕದ್ದು. ಅವರ ಸಂಸ್ಥೆಯು ಸಂಹಿತೆಯ ಪಕ್ಷದಲ್ಲಿಯೇ ನಿಂತಿತು.

ಲಸಿಕೆಯ ವಿಷಯದಲ್ಲಿ ಪರಿಸ್ಥಿತಿ ಶೋಚನೀಯವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ೧೯೭೪ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿದಾಗ ಹಿಂದುಳಿದ ದೇಶಗಳಲ್ಲಿ ನೂರು ಮಕ್ಕಳಲ್ಲಿ ಐವರಿಗೂ ಪೂರ್ಣ ಲಸಿಕೆಯಾಗುತ್ತಿರಲಿಲ್ಲ. ೧೯೯೦ರೊಳಗಾಗಿ ಎಲ್ಲ ಮಕ್ಕಳಿಗೂ ಲಸಿಕೆಯೆಂಬ ಧ್ಯೇಯವನ್ನು ಹಿಡಿದು ಗ್ರಾಂಟ್ ಅವರು ಯಾತ್ರೆ ಹೊರಟರು. ಭಾರತವೂ ೧೯೮೫ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಕೈಗೊಂಡಿತು. ಈ ಯಾತ್ರೆಗಳ ಪೈಕಿ ಮೂರು ದೇಶಗಳ ವೃತ್ತಾಂತವನ್ನಷ್ಟೇ ಇಲ್ಲಿ ನಿರೂಪಿಸುತ್ತೇನೆ.

ಮೂರು ದೇಶಗಳ ವೃತ್ತಾಂತ

ಮೊದಲನೆಯದು ದಕ್ಷಿಣ ಅಮೆರಿಕದ ಕೊಲಂಬಿಯ. ಅಲ್ಲಿಯ ಅಧ್ಯಕ್ಷ ಬೆಲಿಸಾರಿಯೋ ಬೆತಾಂಕುರ್ ಅವರು ಲಸಿಕೆಯನ್ನು ಆರೋಗ್ಯ ಇಲಾಖೆಯ ಕಡತವಾಗಿ ಉಳಿಸದೆ ರಾಷ್ಟ್ರೀಯ ಉತ್ಸವವನ್ನಾಗಿ ಮಾಡಿದರು. ೧೯೮೪ರ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಒಂದೊಂದು ದಿನವನ್ನು ಗೊತ್ತುಪಡಿಸಿ, ಪತ್ರಿಕೆಗಳು, ಆಕಾಶವಾಣಿ, ಚರ್ಚುಗಳು, ಪೊಲೀಸರು, ರೆಡ್‌ಕ್ರಾಸ್, ಶಾಲೆಗಳು ಎಲ್ಲವನ್ನೂ ಒಂದೇ ಕೆಲಸಕ್ಕೆ ಹೂಡಿದರು. ಆ ಮೂರು ದಿನಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆಯಾಯಿತು. ಗ್ರಾಂಟ್ ಅವರು ಈ ಉದಾಹರಣೆಯನ್ನು ಮುಂದಿನ ಎಲ್ಲ ದೇಶಗಳಿಗೂ ಹೊತ್ತೊಯ್ದರು.

ಎರಡನೆಯದು ಮಧ್ಯ ಅಮೆರಿಕದ ಎಲ್ ಸಾಲ್ವಡೋರ್. ೧೯೮೦ರಿಂದ ಆ ಸಣ್ಣ ದೇಶವು ಅಂತರ್ಯುದ್ಧದ ದಳ್ಳುರಿಯಲ್ಲಿ ಬೇಯುತ್ತಿತ್ತು. ಸೈನ್ಯವೂ ಬಂಡಾಯಗಾರರೂ ಊರೂರುಗಳಲ್ಲಿ ಕಾದಾಡುತ್ತಿದ್ದಾಗ ಲಸಿಕೆಯ ಪೆಟ್ಟಿಗೆಯನ್ನು ಹೊತ್ತು ಹೋಗುವವರಾರು? ಗ್ರಾಂಟ್ ಅವರು ಅಧ್ಯಕ್ಷ ಹೊಸೆ ನಪೋಲಿಯೋನ್ ಡುವಾರ್ಟೆ ಅವರ ಮುಂದೆ ಯಾರೂ ಊಹಿಸದ ಸಲಹೆಯೊಂದನ್ನು ಇಟ್ಟರು: ಮಕ್ಕಳಿಗಾಗಿ ಯುದ್ಧವನ್ನು ಒಂದು ದಿನ ನಿಲ್ಲಿಸಿರಿ. ಕಾಳಗದಲ್ಲಿ ಸತ್ತವರಿಗಿಂತ ಲಸಿಕೆಯಿಲ್ಲದೆ ಸಾಯುವ ಮಕ್ಕಳ ಸಂಖ್ಯೆ ಹೆಚ್ಚೆಂಬುದು ಅವರ ವಾದ. ಅಧ್ಯಕ್ಷರು ಒಪ್ಪಿದರು. ಕಾಡಿನಲ್ಲಿದ್ದ ಬಂಡಾಯಗಾರರಿಗೆ ಈ ಸಂದೇಶವನ್ನು ಮುಟ್ಟಿಸಿ ಒಪ್ಪಿಸುವ ಕಾರ್ಯವನ್ನು ಕ್ರೈಸ್ತ ಧರ್ಮಗುರುಗಳು ನಿರ್ವಹಿಸಿದರು. ೧೯೮೫ರ ಫೆಬ್ರವರಿ ೩, ಮಾರ್ಚ್ ೩, ಏಪ್ರಿಲ್ ೨೧ ಈ ಮೂರು ಭಾನುವಾರಗಳಂದು ಬಂದೂಕುಗಳು ಮೌನವಾದವು. ಎರಡೂ ಪಕ್ಷಗಳ ಹಿಡಿತದಲ್ಲಿದ್ದ ಪ್ರದೇಶಗಳಲ್ಲಿ ತಾಯಂದಿರು ಮಕ್ಕಳನ್ನೆತ್ತಿಕೊಂಡು ಬಂದರು. ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆಯಾಯಿತು. ಇವಕ್ಕೆ ಪ್ರಶಾಂತಿಯ ದಿನಗಳೆಂದು ಹೆಸರಾಯಿತು. ೧೯೯೨ರಲ್ಲಿ ಶಾಂತಿ ಒಪ್ಪಂದವಾಗುವವರೆಗೂ ವರ್ಷವರ್ಷವೂ ಈ ದಿನಗಳು ನಡೆದುಬಂದವು. ೧೯೮೭ರಲ್ಲಿ ಲೆಬನಾನ್ ದೇಶದಲ್ಲಿಯೂ ಲಸಿಕೆಗಾಗಿ ಯುದ್ಧವು ಬಿಡುವು ಪಡೆಯಿತು. ೧೯೮೯ರಲ್ಲಿ ಸುಡಾನಿನ ಎರಡೂ ಪಕ್ಷಗಳ ನಡುವೆ ಆಹಾರವನ್ನು ಸಾಗಿಸುವ ಶಾಂತಿಮಾರ್ಗಗಳಿಗಾಗಿ ಸ್ವತಃ ಗ್ರಾಂಟ್ ಅವರೇ ಓಡಾಡಿದರು. ಮಗುವೊಂದನ್ನು ಮುಂದೆ ನಿಲ್ಲಿಸಿದರೆ ಬದ್ಧವೈರಿಗಳೂ ಒಂದು ದಿನದ ಮಟ್ಟಿಗಾದರೂ ಮನುಷ್ಯರಾಗಬಲ್ಲರೆಂಬುದನ್ನು ಈ ಪ್ರಸಂಗಗಳು ಪ್ರಮಾಣೀಕರಿಸಿದವು.

ಮೂರನೆಯದು ತುರ್ಕಿ. ೧೯೬೦ರ ದಶಕದಲ್ಲಿ ಅಲ್ಲಿ ಅಧಿಕಾರಿಯಾಗಿದ್ದ ಗ್ರಾಂಟ್ ಅವರಿಗೆ ಆ ದೇಶದ ಪರಿಚಯ ಚೆನ್ನಾಗಿತ್ತು. ೧೯೮೫ರ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಪ್ರಧಾನಿ ತುರ್ಗುತ್ ಓಜಾಲ್ ಅವರ ಸರ್ಕಾರವು ಐವತ್ತು ಲಕ್ಷ ಮಕ್ಕಳನ್ನು ಲಕ್ಷ್ಯವಾಗಿಟ್ಟುಕೊಂಡು ಲಸಿಕಾ ಅಭಿಯಾನವನ್ನು ನಡೆಸಿತು. ಇದರಲ್ಲಿ ವೈದ್ಯರ ಜೊತೆಗೆ ದುಡಿದವರು ಯಾರು? ಸುಮಾರು ೨ ಲಕ್ಷ ಶಾಲಾ ಶಿಕ್ಷಕರು, ಸುಮಾರು ೫೪,೦೦೦ ಇಮಾಮರು, ಹಳ್ಳಿಗಳ ಮುಖಂಡರು. ಶುಕ್ರವಾರದ ಪ್ರಾರ್ಥನೆಯ ಪ್ರವಚನಗಳಲ್ಲಿ ಇಮಾಮರು ಲಸಿಕೆಯನ್ನು ಕುರಿತು ಹೇಳಿದರು. ಶಿಕ್ಷಕರು ತಮ್ಮ ಊರಿನ ಮಕ್ಕಳ ಪಟ್ಟಿಯನ್ನು ಮಾಡಿ, ಮನೆಮನೆಗೆ ತಿಳಿಸಿ, ಬಾರದವರನ್ನು ಕರೆತಂದರು. ಒಂದು ಊರಿನಲ್ಲಿ ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾವ ತಾಯಿ ಅಂಜುತ್ತಾಳೆ, ಯಾವ ಹಿರಿಯನ ಮಾತಿಗೆ ಬೆಲೆಯಿದೆ ಎಂಬುದು ರಾಜಧಾನಿಯ ಅಧಿಕಾರಿಗೆ ಗೊತ್ತಿರುವುದಿಲ್ಲ. ಊರಿನ ಮೇಷ್ಟರಿಗೆ ಗೊತ್ತಿರುತ್ತದೆ. ಈ ಅರಿವೇ ಆ ಅಭಿಯಾನದ ಬಂಡವಾಳವಾಯಿತು.

ಆಕ್ಷೇಪಗಳು ಮತ್ತು ಫಲ

ಸತ್ಕಾರ್ಯವನ್ನು ವರ್ಣಿಸುವಾಗ ಅದರ ಮಿತಿಗಳನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ. ೧೯೭೮ರಲ್ಲಿ ಆಲ್ಮಾ ಆಟಾ ನಗರದಲ್ಲಿ ನಡೆದ ಸಮ್ಮೇಳನವು ಎಲ್ಲರಿಗೂ ಪ್ರಾಥಮಿಕ ಆರೋಗ್ಯವೆಂಬ ವಿಶಾಲವಾದ ಆದರ್ಶವನ್ನು ಸಾರಿತ್ತು. ಅದನ್ನು ಬದಿಗಿರಿಸಿ ನಾಲ್ಕಾರು ಉಪಾಯಗಳನ್ನಷ್ಟೇ ಹಿಡಿಯುವುದು, ಬೇರನ್ನು ಬಿಟ್ಟು ಎಲೆಗೆ ನೀರೆರೆದಂತೆ ಎಂದು ಅನೇಕ ತಜ್ಞರು ಆಕ್ಷೇಪಿಸಿದರು. ಆ ಆದರ್ಶದ ಪ್ರವರ್ತಕರೂ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರೂ ಆಗಿದ್ದ ಹಾಫ್ಡನ್ ಮಾಲರ್ ಅವರೂ ತಮ್ಮ ಅಸಮ್ಮತಿಯನ್ನು ಮರೆಸಲಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ. ಜೀವಜಲವು ಭೇದಿಯಾದ ಮಗುವನ್ನು ಉಳಿಸುತ್ತದೆ. ಭೇದಿಗೆ ಕಾರಣವಾದ ಕೊಳಕುನೀರನ್ನು ಶುದ್ಧಗೊಳಿಸುವುದಿಲ್ಲ. ತೂಕ ನೋಡುವ ತಕ್ಕಡಿಯು ಹಸಿದ ಮಗುವಿಗೆ ಅನ್ನವನ್ನಿಕ್ಕುವುದಿಲ್ಲ. ತೂಕವನ್ನು ಬರೆದಿಟ್ಟು ತಾಯಿಗೆ ಏನನ್ನೂ ಹೇಳದೆ ಕಳುಹಿಸಿದ ಕಡೆಗಳಲ್ಲಿ ಆ ಉಪಾಯವು ನಿಷ್ಫಲವಾಯಿತು. ಅಭಿಯಾನದ ಉತ್ಸಾಹ ಇಳಿದ ಮೇಲೆ, ೧೯೯೦ರ ಅನಂತರ ಆಫ್ರಿಕದ ಹಲವು ದೇಶಗಳಲ್ಲಿ ಲಸಿಕೆಯ ಪ್ರಮಾಣವೂ ಕುಸಿಯಿತು. ಒಂದು ದಿನದ ಉತ್ಸವವು ಪ್ರತಿದಿನದ ಕಾಯಕಕ್ಕೆ ಬದಲಾಗಲಾರದು.

ಆದರೆ ಗ್ರಾಂಟ್ ಅವರ ಪಕ್ಷಕ್ಕೂ ಸಮಾಧಾನವುಂಟು. ಎಲ್ಲವೂ ಸರಿಯಾಗುವವರೆಗೆ ಕಾಯುವ ವ್ಯವಧಾನ ಈ ವರ್ಷ ಹುಟ್ಟಿದ ಮಗುವಿಗೆ ಇರುವುದಿಲ್ಲ. ಕೊಳವೆಯ ನೀರು ಊರಿಗೆ ಬರುವುದು ಹತ್ತು ವರ್ಷಕ್ಕೆ. ಭೇದಿಯಾದ ಮಗುವಿಗೆ ಇರುವ ಕಾಲ ಎರಡು ದಿನ. ಎರಡೂ ಬೇಕು, ಆದರೆ ಒಂದಕ್ಕಾಗಿ ಇನ್ನೊಂದು ಕಾಯಬಾರದು. ೧೯೯೦ರಲ್ಲಿ ಜಗತ್ತಿನ ಮಕ್ಕಳಲ್ಲಿ ಸುಮಾರು ನೂರಕ್ಕೆ ಎಂಬತ್ತರಷ್ಟು ಮಂದಿಗೆ ಲಸಿಕೆಯಾಗಿದೆಯೆಂದು ಘೋಷಿಸಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಕ್ಕಳಿಗಾಗಿಯೇ ಕರೆದ ವಿಶ್ವಶೃಂಗಸಭೆಗೆ ೭೧ ರಾಷ್ಟ್ರಗಳ ಮುಖ್ಯಸ್ಥರು ಬಂದರು. ೧೯೯೦ರಲ್ಲಿ ಐದು ವರ್ಷ ತುಂಬುವ ಮೊದಲೇ ಮಡಿದ ಮಕ್ಕಳ ಸಂಖ್ಯೆ ೧ ಕೋಟಿ ೨೦ ಲಕ್ಷಕ್ಕೂ ಹೆಚ್ಚು. ೨೦೨೨ರಲ್ಲಿ ಅದು ಸುಮಾರು ೪೯ ಲಕ್ಷ. ಈ ಇಳಿಕೆಗೆ ಕಾರಣಗಳು ಹಲವು. ಅವುಗಳಲ್ಲಿ ಜೀವಜಲ, ಲಸಿಕೆಗಳ ಪಾಲು ದೊಡ್ಡದು. ಆದರೆ ೪೯ ಲಕ್ಷವೆಂಬುದೂ ಅಲ್ಪಸಂಖ್ಯೆಯಲ್ಲ. ಅತಿಸಾರವು ಇಂದಿಗೂ ಎಳೆಯ ಮಕ್ಕಳ ಪ್ರಬಲ ಮೃತ್ಯುಗಳಲ್ಲಿ ಒಂದಾಗಿದೆ.

ನಮ್ಮ ಕರ್ತವ್ಯ

ಈ ವೃತ್ತಾಂತದಿಂದ ಶಿಕ್ಷಕರಾದ ನಾವು ಕಲಿಯಬೇಕಾದುದು, ಕಲಿಸಿದೆನೆಂಬುದಕ್ಕೆ ಪ್ರಮಾಣ ನಮ್ಮ ದಿನಚರಿಯ ಪುಸ್ತಕದಲ್ಲಿಲ್ಲ, ಕಲಿತವನ ನಡೆಯಲ್ಲಿದೆ ಎಂಬುದನ್ನು. ಉದಾರಿಗಳಾದ ದಾನಿಗಳಿಗೂ ಇದೇ ಅಳತೆಗೋಲು. ಎಷ್ಟು ಕೊಟ್ಟೆವೆಂಬುದರ ಜೊತೆಗೆ, ಕೊಟ್ಟುದು ಯಾರ ಕೈ ಸೇರಿತು, ಸೇರಿದ ಮೇಲೆ ಏನಾಯಿತು ಎಂದು ಕೇಳುವುದು ಅವಿಶ್ವಾಸವಲ್ಲ; ಅದು ದಾನಕ್ಕೆ ತೋರುವ ಗೌರವ. ಊರೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತುರ್ಕಿಯ ಮೇಷ್ಟರಂತೆ ತಮ್ಮ ಬೀದಿಯ ಮಕ್ಕಳ ಲೆಕ್ಕವನ್ನು ಬಲ್ಲವರಾದರೆ ಸಾಕು.

ಕೊನೆಯದಾಗಿ, ಈ ಲೇಖನವನ್ನು ಓದಿದವರು ಮನೆಯಲ್ಲಿ ಹೇಳಬೇಕಾದ ಮಾತೊಂದಿದೆ. ಮಗುವಿಗೆ ಭೇದಿಯಾದರೆ ನೀರನ್ನೂ ಎದೆಹಾಲನ್ನೂ ಆಹಾರವನ್ನೂ ನಿಲ್ಲಿಸಬಾರದು. ಓ.ಆರ್.ಎಸ್. ಪೊಟ್ಟಣವು ದೊರೆತರೆ ಅದರ ಮೇಲೆ ಹೇಳಿರುವಷ್ಟೇ ನೀರಿನಲ್ಲಿ ಕರಗಿಸಿ ಕುಡಿಸಬೇಕು. ದೊರೆಯದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಹಾಕಿ, ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಉಪ್ಪು ಹೆಚ್ಚಾಗಕೂಡದು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡಬೇಕು. ಮಗು ಕುಡಿಯಲಾರದಂತಾದರೆ, ಮಂಕಾದರೆ, ಕಣ್ಣುಗಳು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ದಾರಿಯುದ್ದಕ್ಕೂ ಕುಡಿಸುತ್ತ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಪ್ರತಿವರ್ಷ ಬೇಸಗೆಯ ರಜೆಗೆ ಮುನ್ನ ನನ್ನ ತರಗತಿಯ ಮಕ್ಕಳಿಗೆ ಇದನ್ನು ಹೇಳಿ, ಒಬ್ಬೊಬ್ಬರಿಂದಲೂ ಒಪ್ಪಿಸಿಕೊಂಡು, ಅವರ ಕೈಯಿಂದಲೇ ಮಾಡಿಸಿ ನೋಡುತ್ತೇನೆ. ವ್ಯಾಕರಣದ ಪಾಠದಲ್ಲಿ ಇದೇಕೆಂದು ಒಮ್ಮೆ ಒಬ್ಬ ಹುಡುಗ ಕೇಳಿದನು. ನಮ್ಮ ಮನೆಯಲ್ಲಿ ಇದನ್ನು ಹೇಳುವವರಿರಲಿಲ್ಲ ಎಂದಷ್ಟೇ ಉತ್ತರಿಸಿದೆನು. ಆ ಮಕ್ಕಳ ಮನೆಗಳಲ್ಲಿ ಹೇಳುವವರು ಇರಲಿ ಎಂಬುದಷ್ಟೇ ನನ್ನ ಹಾರೈಕೆ.